ಫ್ಯಾನು ಆರಿಸಿದ ಮಗ

ಪ್ರಬುದ್ಧ ಕಲಬುರಗಿಯ ಸೇಡಂ ರಸ್ತೆಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಾನೆ, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾನೆ, ಪಿಯುಸಿ ಮಕ್ಕಳಿಗೆ ಉಷ್ಣದ ಪಾಠವನ್ನು ಅವನಷ್ಟು ಸಲೀಸಾಗಿ ಹೇಳುವವರು ಇಲ್ಲ. ಕಮಲಾಪುರದ ಅವನ ಓಣಿಯಲ್ಲಿ ಕೇಳಿದರೆ ಇದನ್ನೆಲ್ಲ ಯಾರೂ ಮೊದಲು ಹೇಳುವುದಿಲ್ಲ. ಅವ್ವನ ಹೆಣದ ಬಳಿ ಕೂತು ಅಳುವವರನ್ನು ಎಬ್ಬಿಸಿ ಹೊರಗೆ ಕಳಿಸಿದವನು ಎನ್ನುತ್ತಾರೆ. ಹಾಗೆನ್ನುವವರ ಮೇಲೆ ಸಿಟ್ಟಾಗಿ ಫಲವಿಲ್ಲ, ಎಬ್ಬಿಸಿದ್ದು ನಿಜವೇ.

ಪಾಠ ಹೇಳುವ ಅವನ ರೀತಿ ಸ್ವಲ್ಪ ಬೇರೆ. ಉಷ್ಣದ ಅಧ್ಯಾಯ ಶುರುವಾಗುವ ದಿನ ಹೆಗಲ ಮೇಲೆ ಒಂದು ಕರಿ ಕಂಬಳಿ ಹಾಕಿಕೊಂಡು ತರಗತಿಗೆ ಬರುತ್ತಾನೆ. ಹುಡುಗರು ಕಿಸಕ್ಕೆಂದು ನಗುತ್ತಾರೆ. ಮೇಜಿನ ಮೇಲೆ ಎರಡು ತುಂಡು ಬರ್ಫು, ಅಂದರೆ ಮಂಜುಗಡ್ಡೆ, ಇಟ್ಟು, ಒಂದಕ್ಕೆ ಕಂಬಳಿ ಸುತ್ತಿ, ಯಾವುದು ಮೊದಲು ಕರಗುತ್ತದೆ ಎಂದು ಕೇಳುತ್ತಾನೆ. ಕಂಬಳಿಯೊಳಗಿನದು ಎಂದು ಅರ್ಧ ತರಗತಿ ಕೈ ಎತ್ತುತ್ತದೆ. ಗಂಟೆ ಮುಗಿಯುವ ಹೊತ್ತಿಗೆ ಬಯಲಲ್ಲಿಟ್ಟದ್ದು ನೀರಾಗಿ ಮೇಜಿನಿಂದ ಸೋರುತ್ತಿರುತ್ತದೆ, ಕಂಬಳಿಯೊಳಗಿನದು ಇನ್ನೂ ಗಟ್ಟಿಯಾಗಿರುತ್ತದೆ. ಕಂಬಳಿ ಬಿಸಿ ಕೊಡುವುದಿಲ್ಲ, ಬಿಸಿಯ ದಾರಿಗೆ ಅಡ್ಡ ನಿಲ್ಲುತ್ತದೆ ಎನ್ನುತ್ತಾನೆ. ಶಾಖ ಬಿಸಿಯ ಕಡೆಯಿಂದ ತಣ್ಣಗಿನ ಕಡೆಗೆ ತಾನಾಗಿ ಹರಿಯುತ್ತದೆ, ಯಾರ ಮಾತೂ ಕೇಳುವುದಿಲ್ಲ, ನಮ್ಮ ಕೈಲಾಗುವುದು ತಡ ಮಾಡುವುದಷ್ಟೇ.

ಮದುವೆಯ ಮಾತನ್ನು ಮುಂದಕ್ಕೆ ತಳ್ಳುತ್ತಲೇ ಬಂದವನು, ಹಾಗಾಗಿ ಮನೆಯಲ್ಲಿದ್ದದ್ದು ಅವನೂ ಅವ್ವ ಮಾನಮ್ಮನೂ ಇಬ್ಬರೇ. ಮಾನಮ್ಮ ಮೈಯಲ್ಲಿ ಕಸುವಿರುವ ತನಕ ನೆಹರು ಗಂಜ್ ಕಡೆಯ ದಾಲ್ ಮಿಲ್ಲಿನಲ್ಲಿ ತೊಗರಿ ಹಸನು ಮಾಡಿದವಳು. ಪಕ್ಕದ ಮನೆಯ ಮಸ್ತಾನಬಿಯೂ ಅವಳೂ ಒಂದೇ ಬಸ್ಸಿಗೆ ಹೋಗಿ, ಒಂದೇ ಮೊರದ ಎರಡು ಕಡೆ ಕೂತು, ಒಂದೇ ಬಸ್ಸಿಗೆ ಬರುತ್ತಿದ್ದರು. ಆ ದುಡಿಮೆಯಲ್ಲೇ ಮಗ ಎಂ.ಎಸ್ಸಿ. ಓದಿದ, ಮಗಳು ಮಾಯಾ ನರ್ಸ್ ಆಗಿ ಪುಣೆ ಸೇರಿದಳು.

ಮೇ ತಿಂಗಳ ಒಂದು ಬೆಳಿಗ್ಗೆ ಮಾನಮ್ಮ ಏಳಲಿಲ್ಲ. ಚಹಾ ತಂದಿಟ್ಟು ಕರೆದ ಪ್ರಬುದ್ಧನಿಗೆ ಮುಟ್ಟುವ ಮೊದಲೇ ಗೊತ್ತಾಯಿತು. ಅವನಿಗೆ ಏನೂ ಅನಿಸಲಿಲ್ಲ. ಅನಿಸಬೇಕು ಎಂದು ಸ್ವಲ್ಪ ಹೊತ್ತು ನಿಂತು ಕಾದ, ಆಗಲೂ ಅನಿಸಲಿಲ್ಲ. ಬಚ್ಚಲಲ್ಲಿ ಬಕೆಟ್ಟು ತುಂಬಿ ಹರಿಯುವ ಸದ್ದು ಕೇಳಿ, ಹೋಗಿ ನಳ ಬಂದ್ ಮಾಡಿ ಬಂದ.

ಮಾಯಾಗೆ ಫೋನು ಮಾಡಿದ. ಅಪ್ಪ ಹೋದದ್ದೂ ಇಂಥದೇ ಬೇಸಿಗೆಯಲ್ಲಿ. ಬಿಸಿಲೇರುವ ಮೊದಲು ಆಗಲಿ ಎಂದು ಹಿರಿಯರು ಅವಸರ ಮಾಡಿದ್ದರು, ಅವಳು ಊರು ಮುಟ್ಟುವಷ್ಟರಲ್ಲಿ ಮಣ್ಣು ಮುಗಿದು ಜನ ಕೈಕಾಲು ತೊಳೆದುಕೊಂಡು ಮನೆಗೆ ಹೋಗಿದ್ದರು. ಈಗ ಅವಳು ಫೋನಿನಲ್ಲಿ ಅಳುತ್ತ ಒಂದೇ ಮಾತು ಹೇಳಿದಳು.

"ಅಪ್ಪನ ಮುಖ ನೋಡ್ಲಿಲ್ಲ ಅಣ್ಣ. ಅವ್ವನ ಮುಖಾನರ ನೋಡ್ತೀನಿ. ನಾ ಬರೋತನಕ ಒಯ್ಯಬ್ಯಾಡ್ರಿ."

ಸಿಕ್ಕ ರೈಲು ಹತ್ತಿದರೂ ಅವಳು ಬರುವುದು ಸಂಜೆಗೇ. ಮಧ್ಯಾಹ್ನದೊಳಗೆ ಮಣ್ಣು ಮಾಡೋಣ, ಈ ಬಿಸಿಲಿಗೆ ಹೆಣ ನಿಲ್ಲುವುದಿಲ್ಲ ಎಂದು ಸೋದರಮಾವ ಗುಂಡಣ್ಣ ಪಟ್ಟು ಹಿಡಿದ. ಅವನ ಮಾತಿನಲ್ಲಿ ಹುರುಳಿತ್ತು. ಬಿಸಿಲಿಗೆ ಸತ್ತವರು ಆ ವಾರ ಬಹಳ, ಫ್ರೀಜರ್ ಪೆಟ್ಟಿಗೆ ಎಲ್ಲಿ ಕೇಳಿದರೂ ಖಾಲಿ ಇರಲಿಲ್ಲ. ಪ್ರಬುದ್ಧ ವಾದ ಮಾಡಲಿಲ್ಲ. ಓಣಿಯ ಟೆಂಪೋ ತೆಗೆಸಿಕೊಂಡು ಕಲಬುರಗಿಗೆ ಹೋದ.

ಬರ್ಫಿನ ಕಾರ್ಖಾನೆಯಲ್ಲಿ ದೊಡ್ಡ ಗಟ್ಟಿಗಳನ್ನು ಹೇರಿಸಿದ ಮೇಲೆ ನೆಹರು ಗಂಜ್ ಮಾರುಕಟ್ಟೆಗೆ ಹೋಗಿ ತೊಗರಿ ಹೊಟ್ಟಿನ ಚೀಲಗಳನ್ನು ಕೇಳಿದ. ದನಕ್ಕೇನ್ರಿ ಎಂದು ಹಮಾಲರು ಕೇಳಿದರು. ಅವನು ಹೂಂ ಅಂದ. ಮನೆಗೆ ಬಂದು ಫರಸಿ ನೆಲದ ಮೇಲೆ ಹೊಟ್ಟಿನ ಚೀಲ ಹಾಸಿದ, ಕಲ್ಲಿನ ಕಾವು ಕೆಳಗಿನಿಂದ ಏರಬಾರದಲ್ಲ. ಅದರ ಮೇಲೆ ತಾಡಪತ್ರಿ, ಬರ್ಫು, ಹಲಗೆ, ಹಲಗೆಯ ಮೇಲೆ ಅವ್ವ. ಎರಡು ಬದಿಗೂ ಬರ್ಫು ಜೋಡಿಸಿ, ಮುಖಕ್ಕೆ ಬಿಳಿ ಬಟ್ಟೆ ಮುಚ್ಚಿ, ಎಲ್ಲದರ ಮೇಲೆ ಕಾಲೇಜಿನ ಕಂಬಳಿ ಹೊದಿಸಿದ. ಕೆಲಸ ಅಚ್ಚುಕಟ್ಟಾಗಿತ್ತು. ಕಲಿಸಿದ್ದಷ್ಟನ್ನೂ ಒಂದೇ ಕೋಣೆಯಲ್ಲಿ ಮಾಡಿ ತೋರಿಸಿದಂತಿತ್ತು, ನೋಡಲು ವಿದ್ಯಾರ್ಥಿಗಳು ಮಾತ್ರ ಇರಲಿಲ್ಲ.

ಅಷ್ಟರಲ್ಲಿ ಕುಣಿ ತೋಡುವ ಕಡೆ ಬಂಡೆ ಹತ್ತಿದೆ ಎಂದು ಕರೆ ಬಂತು. ಹೋಗಿ, ಜಾಗ ಬದಲಿಸಿ ಕೊಟ್ಟು, ತಿರುಗಿ ಬಂದಾಗ ಹೊಸ್ತಿಲ ತನಕ ನೀರು ಹರಿದು ಬಂದಿತ್ತು.

ಒಳಗೆ ಓಣಿಯ ಹೆಣ್ಣುಮಕ್ಕಳೆಲ್ಲ ಅವ್ವನ ಸುತ್ತ ಒತ್ತೊತ್ತಾಗಿ ಕೂತು ಹಾಡಿಕೊಂಡು ಅಳುತ್ತಿದ್ದರು. ಮೇಲೆ ಫ್ಯಾನು ಜೋರಾಗಿ ತಿರುಗುತ್ತಿತ್ತು, ಸಾಲದ್ದಕ್ಕೆ ಯಾರೋ ಪುಣ್ಯಾತ್ಮರು ತಮ್ಮ ಮನೆಯ ಟೇಬಲ್ ಫ್ಯಾನನ್ನೂ ತಂದು ಹಚ್ಚಿದ್ದರು. ಕಿಟಕಿಗಳು ಬಿಸಿಗಾಳಿಗೆ ಹಾರುಹೊಡೆದಿದ್ದವು. ತಲೆಯ ಕಡೆ ಮೇಣಬತ್ತಿಗಳ ಸಾಲು. ಕಂಬಳಿ ಮಡಿಚಿ ಮೂಲೆಯಲ್ಲಿತ್ತು. ಬರ್ಫಿನ ಗಟ್ಟಿಗಳು ಸವೆದ ಸಾಬೂನಿನ ಹಾಗೆ ಆಗಿದ್ದವು.

ಕಂಬಳಿ ತೆಗೆದವಳು ಮಸ್ತಾನಬಿ. "ಮಾನಮ್ಮಗ ಸೆಕಿ ಅಂದ್ರ ಆಗ್ತಿರ್ಲಿಲ್ಲ ಬೇಟಾ. ಇಂಥಾ ಬಿಸಲಾಗ ಕಂಬಳಿ ಹೊಚ್ಚಿದ್ರ ಹೆಂಗ?" ಎಂದಳು. ಅರ್ಧ ತರಗತಿ ಕೈ ಎತ್ತಿದ ಉತ್ತರವೇ ಅದು. ಆದರೆ ಇವಳದು ಪ್ರೀತಿಯಿಂದ ಹುಟ್ಟಿದ ತಪ್ಪು, ತಿದ್ದುವುದು ಕಷ್ಟ.

ಫ್ಯಾನಿನ ಗಾಳಿ ನಮಗೆ ತಂಪು, ಬೆವರು ಆರುತ್ತದೆ ಅದಕ್ಕೆ. ಬರ್ಫಿಗೆ ಅದು ಹೊಸ ಹೊಸ ಬಿಸಿಗಾಳಿಯನ್ನು ತಂದು ತಂದು ಸುರಿಯುತ್ತದೆ. ಸುಮ್ಮನೆ ಕೂತ ಒಬ್ಬ ಮನುಷ್ಯನ ಮೈ ನೂರು ವ್ಯಾಟಿನ ಬಲ್ಬಿನಷ್ಟು ಶಾಖ ಬಿಡುತ್ತದೆ, ಅಲ್ಲಿ ಒಂದು ಕೋಣೆ ತುಂಬ ಬಲ್ಬುಗಳು ಉರಿಯುತ್ತಿದ್ದವು. ಇದನ್ನೆಲ್ಲ ಬಿಡಿಸಿ ಹೇಳಬಹುದಿತ್ತು. ಅದರ ಬದಲು ಎರಡೂ ಫ್ಯಾನು ಆರಿಸಿದ, ಮೇಣಬತ್ತಿಗಳನ್ನು ಎತ್ತಿ ಪಡಸಾಲೆಗೆ ಸಾಗಿಸಿದ, ಎಲ್ಲರೂ ಹೊರಗೆ ನಡೆಯಿರಿ ಎಂದ.

ಅಳು ಗಕ್ಕನೆ ನಿಂತಿತು. ಗುಂಡಣ್ಣ ಬಾಗಿಲಲ್ಲಿ ಅಡ್ಡ ನಿಂತ. "ಬಾಜು ಕುಂತು ಅಳಾದು ನಮ್ಮ ಮಂದ್ಯಾಗ ಹೆಣಕ್ಕ ಮಾಡೋ ಮರ್ಯಾದಿ ಅದ. ನಮ್ಮಕ್ಕಗ ಒಬ್ಬಕಿನೇ ಕತ್ತಲ್ದಾಗ ಹಾಕ್ತಿ ಏನಪ್ಪಾ?"

"ಮಾಯಾ ಮುಖ ನೋಡಬೇಕು ಮಾಮಾ" ಎಂದ ಪ್ರಬುದ್ಧ. ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ.

ಮೊದಲು ಎದ್ದವಳು ಮಸ್ತಾನಬಿ. ಮಾನಮ್ಮನ ಪಾದ ಮುಟ್ಟಿ ಹೊರಗೆ ನಡೆದಳು. ಅವಳ ಹಿಂದೆ ಉಳಿದವರೂ ಹೋದರು. ಅವನು ಕಿಟಕಿ ಹಾಕಿದ, ಕಂಬಳಿ ಹೊದಿಸಿ ಅಂಚು ಸಿಕ್ಕಿಸಿದ, ಬಾಗಿಲು ಎಳೆದುಕೊಂಡ.

ಮಧ್ಯಾಹ್ನವಿಡೀ ಜನ ಬೇವಿನ ಮರದ ಕೆಳಗೆ ಕೂತು ಅವನನ್ನು ಆಡಿಕೊಂಡರು. ತಾನಂತೂ ಅಳಲಿಲ್ಲ, ಅಳುವವರಿಗೂ ಬಿಡಲಿಲ್ಲ ಎಂದು ಒಬ್ಬಳು ಅವನಿಗೆ ಕೇಳಿಸುವಂತೆಯೇ ಅಂದಳು. ಅವನಿಗೆ ಕೇಳಿಸಿತು, ತಾಗಲಿಲ್ಲ. ಆಗಾಗ ಒಳಗೆ ಹೋಗಿ ಕಂಬಳಿಯ ಅಂಚೆತ್ತಿ ಬರ್ಫು ನೋಡುತ್ತಿದ್ದ, ನೀರು ಬಳಿದು ಚೆಲ್ಲುತ್ತಿದ್ದ. ಬರ್ಫಿನ ಚೂರು ಉಳಿದಿರುವ ತನಕ ಅದರ ತಂಪು ಕದಲುವುದಿಲ್ಲ, ಬಂದ ಶಾಖವೆಲ್ಲ ಕರಗಿಸುವುದಕ್ಕೇ ಖರ್ಚಾಗುತ್ತದೆ. ಆ ಚೂರು ಸಂಜೆಯ ತನಕ ಉಳಿದರೆ ಸಾಕಿತ್ತು. ಅವ್ವನ ಮುಖದ ಬಟ್ಟೆಯನ್ನು ಅವನು ಒಮ್ಮೆಯೂ ಎತ್ತಲಿಲ್ಲ. ಎತ್ತಿದರೆ ಬಿಸಿಗಾಳಿ ಹೊಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡ.

ಹೊತ್ತು ಮುಳುಗುವ ಮುಂಚೆ ಮಾಯಾ ಬಂದಳು. ಯಾರನ್ನೂ ಮಾತಾಡಿಸದೆ ಒಳಗೆ ಹೋಗಿ, ಮಂಡಿಯೂರಿ, ಬಟ್ಟೆ ಸರಿಸಿದಳು. ಮುಖ ಕೆಟ್ಟಿರಲಿಲ್ಲ. ಮಾನಮ್ಮ ಮಿಲ್ಲಿನಿಂದ ಬಂದು ದಣಿದು ಮಲಗಿದಂತೆಯೇ ಇದ್ದಳು. ಮಾಯಾ ಆ ಕೆನ್ನೆಗೆ ಕೆನ್ನೆ ಹಚ್ಚಿ ಮನದಣಿಯೆ ಅತ್ತಳು. ಬಾಗಿಲಲ್ಲಿ ನಿಂತ ಪ್ರಬುದ್ಧ ಉಳಿದ ಬರ್ಫನ್ನು ಕಣ್ಣಲ್ಲೇ ಅಳೆದ. ಇನ್ನೂ ಸ್ವಲ್ಪ ಹೊತ್ತಿಗೆ ಆಗುವಷ್ಟಿತ್ತು. ಲೆಕ್ಕ ಸರಿಹೋಗಿತ್ತು.

ಅಳು ತಹಬಂದಿಗೆ ಬಂದ ಮೇಲೆ ಅವಳು ಸುತ್ತ ನೋಡಿದಳು. ಮುಚ್ಚಿದ ಕಿಟಕಿ, ಖಾಲಿ ಚಾಪೆ.

"ಅವ್ವನ ಬಾಜು ಯಾರೂ ಕುಂತಿಲ್ಲೇನು ಅಣ್ಣ? ಹಗಲೆಲ್ಲ ಒಬ್ಬಕಿನೇ ಅದಾಳೇನು?"

"ಕುಂತ್ರ ಬರ್ಫ ಕರಗ್ತದ" ಎಂದ.

ಈ ಮಾತು ಬೆಳಗಿನಿಂದ ಅವನ ತಲೆಯಲ್ಲಿ ಸರಿಯಾಗಿಯೇ ಇತ್ತು. ಬಾಯಿಂದ ಹೊರಬಿದ್ದು ಆ ಖಾಲಿ ಕೋಣೆಯಲ್ಲಿ ಕೇಳಿದ ಮೇಲೆ ಅವನೂ ಆ ಖಾಲಿ ಚಾಪೆಯ ಕಡೆ ತಿರುಗಿ ನೋಡಿದ. ಮಾಯಾ ಸಿಟ್ಟಾಗಲಿಲ್ಲ.

"ನಾ ನೋಡ್ದೆ, ಆಯ್ತು. ಈಗ ಕರಗಲಿ ಬಿಡು. ನೀ ಕುಂದುರು" ಎಂದಳು.

ಅವಳೇ ಎದ್ದು ಕಿಟಕಿ ತೆಗೆದು ಹೊರಗಿನವರನ್ನು ಕರೆದಳು. ಮಸ್ತಾನಬಿ ಎಲ್ಲರಿಗಿಂತ ಮುಂದೆ ಬಂದಳು. ಹೆಣ್ಣುಮಕ್ಕಳು ತುಂಬಿಕೊಂಡರು, ಯಾರೋ ಫ್ಯಾನು ಹಾಕಿದರು, ಹಾಡು ಬಿಟ್ಟಲ್ಲಿಂದ ಶುರುವಾಯಿತು. ಪ್ರಬುದ್ಧ ಅವ್ವನ ಮಗ್ಗುಲಲ್ಲಿ ಕೂತ. ಕರಗಿದ ನೀರು ಅವನ ಪ್ಯಾಂಟನ್ನು ತೋಯಿಸಿತು. ಅವನಿಗೆ ಅಳು ಬರಲಿಲ್ಲ. ತನ್ನ ಮೈಯ ಶಾಖವೂ ಈಗ ಅವಳ ಕಡೆಗೇ ಹರಿಯುತ್ತಿದೆ ಎಂಬುದು ಮಾತ್ರ ಗೊತ್ತಿತ್ತು. ಅವನು ಇನ್ನೂ ಹತ್ತಿರಕ್ಕೆ ಸರಿದು ಕೂತ.