ಉಂಡಾಡಿ ಪೈಲ್ವಾನನ ಎರಡು ವರ್ಷ

ನಮ್ಮ ಮನೆಯವರು ಕುಸ್ತಿ ಕಂಪನಿಯಲ್ಲಿದ್ದರು. ಗರಡಿಮನೆಯ ಕುಸ್ತಿಯಲ್ಲ, ಊರೂರಿಗೆ ಡೇರೆ ಹೊತ್ತು ತಿರುಗುವ ಆಟ. ಯಾರು ಗೆಲ್ಲಬೇಕು, ಯಾರು ಬೀಳಬೇಕು ಅನ್ನುವುದು ಮೊದಲೇ ಗೊತ್ತಾಗಿರುತ್ತಿತ್ತು. ಒಬ್ಬೊಬ್ಬ ಪೈಲ್ವಾನನಿಗೂ ಒಂದೊಂದು ವೇಷ. ಇವರಿಗೆ ಮಾತ್ರ ಬಹಳ ದಿನ ಯಾವ ವೇಷವೂ ಸಿಗಲಿಲ್ಲ. ದಪ್ಪ ಹೊಟ್ಟೆಯ ಇವರು ಬಂದು ಬಿದ್ದು ಹೋಗುತ್ತಿದ್ದರು, ಅಷ್ಟೆ.

ಆ ವರ್ಷ ಮಳೆ ಚೆನ್ನಾಗಿತ್ತು. ನನ್ನ ತವರು ಮೆಹಕರದಲ್ಲಿ ಊಟಕ್ಕೆ ಕೂತಾಗ ಅವ್ವ ರೊಟ್ಟಿ ಹಾಕುತ್ತಲೇ ಹೋದಳು. ಇವರು ಕಣ್ಣು ಮೇಲೆ ಮಾಡಿ, ಗಲ್ಲ ಉಬ್ಬಿಸಿ, ಹೊಟ್ಟೆ ಹಿಡಿದುಕೊಂಡು ಹಿಂದಕ್ಕೆ ಉರುಳಿದರು. ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು.

"ಇದನ್ನೇ ಆಟದಾಗ ಮಾಡ್ರಿ," ಅಂದೆ ನಾನು.

ಮಾಲೀಕನೂ ಒಪ್ಪಿದ. 'ಉಂಡಾಡಿ ಪೈಲ್ವಾನ' ಹುಟ್ಟಿದ್ದು ಹಾಗೆ. ಭಾಲ್ಕಿಯಲ್ಲಿ ರೊಟ್ಟಿಬುಟ್ಟಿ ಹೊತ್ತು ಕಣಕ್ಕೆ ಬಂದ ಇವರು, ಎದುರಾಳಿ ಕುತ್ತಿಗೆ ಹಿಡಿದಿದ್ದರೂ ಅಗಿಯುವುದು ಬಿಡಲಿಲ್ಲ. ಜನರ ನಗುವಿಗೆ ಡೇರೆ ಹಾರಿಹೋಗುವಂತಿತ್ತು. ಅದೇ ಆಟದಲ್ಲಿ ಒಬ್ಬ ಸಣಕಲು ಪೈಲ್ವಾನ ಇದ್ದ. ಎಷ್ಟು ಸಲ ಕೆಡವಿದರೂ ಎದ್ದು ನಿಲ್ಲುವುದು ಅವನ ವೇಷ. ಅವನನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. "ಇಂವಗ ಮೊದಲ ಉಣ್ಣಾಕ ಹಾಕ್ರೋ!" ಎಂದು ಕೂಗಿದರು.

ಮರುವರ್ಷ ಮಳೆ ಕೈಕೊಟ್ಟಿತು. ಜನ ಪುಣೆಗೆ, ಹೈದರಾಬಾದಿಗೆ ಗಂಟು ಕಟ್ಟತೊಡಗಿದರು. ಔರಾದಿನಲ್ಲಿ ಡೇರೆ ಹಾಕಿದಾಗ ನಾನು ಹೆಂಗಸರ ಕಡೆ ಕೂತಿದ್ದೆ. ಇವರು ಬುಟ್ಟಿ ಇಳಿಸಿ, ರೊಟ್ಟಿ ಮುರಿದು, ಗಲ್ಲ ಉಬ್ಬಿಸಿದರು. ಯಾರೂ ನಗಲಿಲ್ಲ. ನನ್ನ ಪಕ್ಕದ ಕೂಸು ತಾಯಿಯ ತೊಡೆಯ ಮೇಲಿಂದಲೇ ಬುಟ್ಟಿಯತ್ತ ಕೈ ಚಾಚಿತು. ತಾಯಿ ಆ ಕೈಯನ್ನು ಸೆರಗಿನೊಳಗೆ ಎಳೆದುಕೊಂಡು ಮುಖ ತಿರುಗಿಸಿದಳು. ಇವರು ಅದನ್ನು ಕಂಡರೋ ಏನೋ, ಬಾಯೊಳಗಿನ ತುತ್ತು ನುಂಗಲಾಗದೆ ನಿಂತುಬಿಟ್ಟರು. ಬೀಳಬೇಕಾದ ಹೊತ್ತಿಗಿಂತ ಮುಂಚೆಯೇ ಬಿದ್ದರು.

ಆಮೇಲೆ ಸಣಕಲು ಪೈಲ್ವಾನ ಬಂದ. ಅವನು ಬಿದ್ದು ಎದ್ದಾಗಲೆಲ್ಲ ಜನ ತಾವೂ ಎದ್ದು ನಿಂತು ಕೂಗಿದರು. ಕೂಸಿನ ತಾಯಿಯೂ ಎದ್ದಳು. ಅವನು ಹೊಸದೇನೂ ಮಾಡಿರಲಿಲ್ಲ. ಭಾಲ್ಕಿಯಲ್ಲಿ ಆಡಿದ್ದನ್ನೇ ಆಡಿದ್ದ.

ಡೇರೆಯ ಹಿಂದೆ ಇವರು ಕೇಳಿದರು, "ಯಾಕ ನಗಲಿಲ್ಲ ಮಂದಿ?"

"ಹ್ಯಾಂಗ ನಗ್ತಾರ್ರಿ?" ಅಂದೆ.

ಮಾಲೀಕ ಜಾಣ. ಬೀದರಿನ ಆಟಕ್ಕೆ ಇವರನ್ನು ಕಾಳು ಬಚ್ಚಿಡುವ ಸಾಹುಕಾರನನ್ನಾಗಿ ಮಾಡಿ, ಸಣಕಲನ ಕೈಲಿ ಹೊಡೆಸಿದ. ಜನರಿಗೆ ಆಟವೆಂಬುದು ಮರೆತೇ ಹೋಯಿತು. ಯಾರೋ ಎಸೆದ ಕಲ್ಲು ಹಣೆಗೆ ಬಡಿದು ರಕ್ತ ಸುರಿಯಿತು. ನಾನು ಸೆರಗು ಹರಿದು ಕಟ್ಟುವಾಗ, "ಅವರದೇನೂ ತಪ್ಪಿಲ್ಲ ಬಿಡು," ಅಂದರು. ಆ ವಾರವೇ ಕಂಪನಿ ಬಿಟ್ಟು ನಾವೂ ಪುಣೆಗೆ ಹೋದೆವು, ಇಟ್ಟಿಗೆ ಹೊರಲಿಕ್ಕೆ.

ಕೆಲವು ವರ್ಷಗಳ ನಂತರ ಮಳೆ ಬಂತು ಎಂದು ಕೇಳಿ ತಿರುಗಿ ಬಂದೆವು. ಬೀದರಿನ ಕಾಳಿನ ಪೇಟೆ ಗಾಂಧಿ ಗಂಜದಲ್ಲಿ ಮತ್ತೆ ತೊಗರಿ ಚೀಲಗಳ ರಾಶಿ. ಅಲ್ಲೇ ಚಹಾದಂಗಡಿಯಲ್ಲಿ ಮಾಲೀಕ ಸಿಕ್ಕ.

"ಈಗ ಮಂದಿ ನಗ್ತಾರ್ರಿ. ನನ್ನ ವೇಷ ನನಗ ಕೊಡ್ರಿ," ಅಂದರು ಇವರು.

ಮಾಲೀಕ ಇವರನ್ನು ಮೇಲಿಂದ ಕೆಳಗೆ ನೋಡಿದ. "ಹೊಟ್ಟಿ ಎಲ್ಲಿ ಅದ್ರಿ ನಿಮಗ? ನೀವೂ ಸಣಕಲ ಆಗೀರಿ. ಸಣಕಲನ ಆಟ ಈಗ ಯಾರೂ ನೋಡಂಗಿಲ್ಲ. ಅಂವನ್ನೂ ಮನಿಗೆ ಕಳಿಸೇನಿ."

ಇವರು ಚಹಾ ಕುಡಿಯದೆ ಎದ್ದರು. ಬಗದಲ್‌ನಲ್ಲಿ ಕುರಿ ಕಾಯುವ ಕೆಲಸ ಸಿಕ್ಕಿತು. ಕೊನೆಯವರೆಗೂ ಅಲ್ಲೇ ಇದ್ದರು. ಡೇರೆಯ ಮಾತು ಒಮ್ಮೆಯೂ ಆಡಲಿಲ್ಲ, ನಾನೂ ಕೆದಕಲಿಲ್ಲ.

ಇವರ ಮಣ್ಣಿಗೆ ಬಂದಿದ್ದ ನೆರೆಯಾಕೆ ನನ್ನ ಪಕ್ಕ ಕೂತು, "ಭಾಳ ಗಂಭೀರ ಮನಷ್ಯಾ ಇದ್ರು ನೋಡ್ರಿ. ಒಮ್ಮಿನೂ ಚ್ಯಾಷ್ಟಿ ಮಾಡಿದ್ದು ಕಂಡಿಲ್ಲ ನಾವು," ಅಂದಳು.

ಹೌದೆಂದು ತಲೆಯಾಡಿಸಿದೆ.