ಲಾರಿ ಏಕೆ ಹೊರಡಲಿಲ್ಲ

ಕೆಟ್ಟು ನಿಂತ ಲಾರಿಯ ಸುತ್ತ ಸೇರಿದವರಲ್ಲಿ ಸ್ವಂತ ಅಭಿಪ್ರಾಯವಿಲ್ಲದ ಒಬ್ಬನನ್ನೂ ನಾನು ಈವರೆಗೆ ಕಂಡಿಲ್ಲ. ಜ್ವರ ಬಂದ ಮನುಷ್ಯನಿಗೂ ಅಷ್ಟು ವೈದ್ಯರು ಸಿಗಲಾರರು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಎದುರಿನವನ ಮಾತಿನ ಬಿರುಕು ಹುಡುಕೀ ಹುಡುಕೀ ಅದೇ ಚಟವಾಗಿಬಿಟ್ಟ ನನ್ನಂಥವನಿಗೆ ಇಂಥ ಗುಂಪೆಂದರೆ ಹಬ್ಬ. ಆದರೆ ಕಾಶಿಯ ಸೋನಾರ್‌ಪುರದ ರಸ್ತೆಯಲ್ಲಿ ನಿಂತಿದ್ದ ಆ ಲಾರಿಯನ್ನು ನೆನೆದರೆ ವಾದ ಮಾಡುವ ಹುಮ್ಮಸ್ಸೇ ಇಳಿದುಹೋಗುತ್ತದೆ.

ಅದರಲ್ಲಿದ್ದುದು ನಮ್ಮ ಮನೆಯ ಸಾಮಾನು. ಬ್ಯಾಂಕಿನಲ್ಲಿದ್ದ ಅಪ್ಪನಿಗೆ ವಾರಾಣಸಿಯಿಂದ ಧಾರವಾಡಕ್ಕೆ ವರ್ಗವಾಗಿತ್ತು. ನಾವೆಲ್ಲ ಒಳಗೊಳಗೇ ಖುಷಿಪಟ್ಟೆವು, ಅಜ್ಜಿಯೊಬ್ಬಳನ್ನು ಬಿಟ್ಟು. ಆಕೆ ನಮ್ಮೊಡನೆ ಇಲ್ಲಿಗೆ ಬಂದದ್ದು ಊರು ನೋಡಲಿಕ್ಕಲ್ಲ, ಇಲ್ಲೇ ಕಣ್ಣು ಮುಚ್ಚಲಿಕ್ಕೆ. ಕೇದಾರ ಘಾಟಿನ ಗಲ್ಲಿಯಲ್ಲಿದ್ದ ನಮ್ಮ ಬಾಡಿಗೆ ಮನೆಯಿಂದ ಹರಿಶ್ಚಂದ್ರ ಘಾಟಿನ ಚಿತೆಗಳು ಹತ್ತಿರ. "ಯಾರಿಗೂ ತ್ರಾಸಿಲ್ಲ, ನಡ್ಕೋತ ಒಯ್ಯೂವಷ್ಟ ದೂರ," ಎಂದು ತನ್ನ ಕೊನೆಯ ಪ್ರಯಾಣವನ್ನು ಆಕೆ ಬಸ್ ನಿಲ್ದಾಣದ ದಾರಿಯಂತೆ ವರ್ಣಿಸುತ್ತಿದ್ದಳು. ಈಗ ಒಬ್ಬಳನ್ನೇ ಬಿಟ್ಟುಹೋಗುವಂತಿರಲಿಲ್ಲ. ಅಪ್ಪ ಅದನ್ನು ಒಮ್ಮೆ ಹೇಳಿದ. ಆಕೆ ಎರಡನೆಯ ಸಲ ಹೇಳಿಸಿಕೊಳ್ಳಲಿಲ್ಲ.

ಕಾಶಿಗೆ ಬಂದವರು ತಮಗೆ ಬಹಳ ಇಷ್ಟವಾದ ಒಂದು ಪದಾರ್ಥವನ್ನು ಇಲ್ಲಿ ಬಿಟ್ಟು, ಮತ್ತೆಂದೂ ಅದನ್ನು ಮುಟ್ಟಬಾರದೆಂಬುದು ನಮ್ಮ ಕಡೆಯ ಪದ್ಧತಿ. ನಮ್ಮ ಮನೆಗೆ ಬಂದಿಳಿದ ನೆಂಟರೆಲ್ಲ ಗಂಗೆಯಲ್ಲಿ ಮುಳುಗೆದ್ದು ಭಕ್ತಿಯಿಂದ ಹಾಗಲಕಾಯಿ ಬಿಡುತ್ತಿದ್ದರು. ಮಾವಿನಹಣ್ಣು ಬಿಟ್ಟ ಪುಣ್ಯಾತ್ಮರು ಇದ್ದಿರಬಹುದು, ನನ್ನ ಕಣ್ಣಿಗಂತೂ ಬೀಳಲಿಲ್ಲ. "ನೀ ಏನ ಬಿಟ್ಟಿ ಅಜ್ಜಿ?" ಎಂದು ಕೆಣಕಿದರೆ, "ಬಿಡೂದು ತಿರುಗಿ ಹೋಗೋರಿಗೆ. ನಾ ಇಲ್ಲೇ ಇರಾಕಿ," ಎನ್ನುತ್ತಿದ್ದಳು. ಆ ವಾದದಲ್ಲಿ ನನಗೆ ಬಿರುಕು ಸಿಗಲಿಲ್ಲ.

ಹೊರಡುವ ದಿನ ಬೆಳಿಗ್ಗೆ ಸಾಮಾನೆಲ್ಲ ಗಲ್ಲಿಯಿಂದ ಹೆಗಲೇರಿ ರಸ್ತೆಗೆ ಬಂತು. ನಮ್ಮ ರೈಲು ಸಂಜೆಗಿತ್ತು. ಲಾರಿಗೆ ಏರದೆ ಉಳಿದದ್ದು ಒಂದು ಬೆತ್ತದ ಕುರ್ಚಿ, ಏಕೆಂದರೆ ಅದರ ಮೇಲೆ ಅಜ್ಜಿ ಕೂತಿದ್ದಳು, ಮಡಿಲಲ್ಲಿ ರೈಲಿಗೆಂದು ತುಂಬಿದ ಬಿಸಿನೀರಿನ ಫ್ಲಾಸ್ಕು. ಡ್ರೈವರ್ ಮುನ್ನಾ ಚಾವಿ ತಿರುಗಿಸಿದ. ಟಕ್. ಇನ್ನೊಮ್ಮೆ ತಿರುಗಿಸಿದ. ಟಕ್.

ಡೀಸೆಲ್‌ನಲ್ಲಿ ನೀರು ಸೇರಿದೆ ಎಂದ ಪಾನ್ ಅಂಗಡಿಯವ. ಸ್ಟಾರ್ಟರೇ ಸತ್ತಿದೆ ಎಂದ ಇ-ರಿಕ್ಷಾದವ. ಮುನ್ನಾ ಮಾತ್ರ ಅಜ್ಜಿಯತ್ತ ನೋಡಿ, "ಮಾತಾಜೀ ಕೋ ಬಾಬಾ ಜಾನೇ ನಹೀಂ ದೇ ರಹೇ," ಎಂದ. ವಿಶ್ವನಾಥನೇ ಆಕೆಯನ್ನು ಕಳಿಸುತ್ತಿಲ್ಲವಂತೆ. ವರ್ಗದ ಸುದ್ದಿ ಬಂದಂದಿನಿಂದ ಬಾಗಿದ್ದ ಅಜ್ಜಿಯ ಬೆನ್ನು ನೆಟ್ಟಗಾಯಿತು.

ನನಗೆ ಕಂಡದ್ದು ಆ ಬೆನ್ನಲ್ಲ, ಎದುರಾಳಿಯ ಬಿರುಕು. ಕಾಗೆ ಕೂತಾಗ ಕೊಂಬೆ ಮುರಿದರೆ ಅದು ಕಾಗೆಯ ಪ್ರತಾಪವೇ? ಹೊಗೆಯಿದ್ದಲ್ಲಿ ಬೆಂಕಿಯಿದೆಯೆಂದು ಊಹಿಸು ಎನ್ನುತ್ತದೆ ನಮ್ಮ ನ್ಯಾಯಶಾಸ್ತ್ರ. ಈ ಊರಿನಲ್ಲಿ ಹಾಗೆ ಊಹಿಸುವ ಕಷ್ಟವೂ ಇಲ್ಲ, ಘಾಟಿಗೆ ಹೋದರೆ ಎರಡೂ ಕಾಣುತ್ತವೆ. ಲಾರಿಯಲ್ಲೋ ಹೊಗೆಯೇ ಇಲ್ಲ. ಎಂಜಿನ್ ತಿರುಗಿದ ಮೇಲೆ ತಾನೆ ಡೀಸೆಲಿನ ಮಾತು? "ಮುನ್ನಾ ಭೈಯಾ, ಬತ್ತಿ ಜಲಾವೋ," ಎಂದೆ. ಹೆಡ್‌ಲೈಟು ಝಗ್ಗೆಂದು ಹೊತ್ತಿತು. ಚಾವಿ ತಿರುಗಿಸಿದರೆ ಪೂರ್ತಿ ಆರಿತು, ಕೈಬಿಟ್ಟರೆ ಮತ್ತೆ ಬೆಳಗಿತು. ಬ್ಯಾಟರಿಯಲ್ಲಿ ಶಕ್ತಿಯಿದೆ, ಮುಂದಕ್ಕೆ ದಾಟುತ್ತಿಲ್ಲ, ತಡೆ ನಡುವೆ ಎಲ್ಲೋ ಇದೆ ಎಂದು ಸಭೆಗೆ ನಿವೇದಿಸಿದೆ. ಬ್ಯಾಟರಿಯ ಮುಚ್ಚಳ ತೆಗೆದರೆ ತಂತಿ ಕೂಡುವಲ್ಲಿ ಹಸಿರು ಬೂಷ್ಟಿನಂಥ ಪುಡಿ ದಪ್ಪಗೆ ಕಟ್ಟಿತ್ತು.

"ಗರಮ್ ಪಾನೀ ಚಾಹಿಯೇ," ಎಂದ ಮುನ್ನಾ, ತಂತಿ ಬಿಚ್ಚುತ್ತ.

ನಾನು ಬಿಸಿನೀರಿಗೆಂದು ಚಹಾದಂಗಡಿಯತ್ತ ತಿರುಗುವಷ್ಟರಲ್ಲಿ ಅಜ್ಜಿ ಫ್ಲಾಸ್ಕು ಮುಂದೆ ಚಾಚಿದ್ದಳು. "ತೊಗೋ, ವಕೀಲ ಸಾಹೇಬ."

"ನಿನ್ನ ರೈಲಿನ ನೀರು, ಅಜ್ಜಿ."

"ಹಾಕು. ನಿಮ್ಮಪ್ಪನ ಮಾರಿ ನೋಡಲಿಕ್ಕೆ ಆಗವಲ್ದು ನನಗ."

ಅಪ್ಪ ಲಾರಿಯ ಹಿಂದೆ, ನಮ್ಮ ಹಾಸಿಗೆಯ ಸುರುಳಿಗೆ ಕೈಯೂರಿ ನಿಂತಿದ್ದ. ಲಾರಿ ಹೊರಡಲೆಂದು ಬೇಡುತ್ತಿದ್ದನೋ ಹೊರಡದಿರಲೆಂದೋ, ಆ ಮುಖ ನೋಡಿ ಹೇಳುವಂತಿರಲಿಲ್ಲ.

ನೀರು ಬಿದ್ದಲ್ಲಿ ಪುಡಿ ನೊರೆಯಾಗಿ ಕರಗಿತು. ಮುನ್ನಾ ಉಜ್ಜಿ ಒರೆಸಿ, ತಂತಿ ಬಿಗಿದು ಚಾವಿ ತಿರುಗಿಸಿದ. ಲಾರಿ ಗುಡುಗಿತು. ಯಾರೋ ನನ್ನ ಬೆನ್ನು ತಟ್ಟಿದರು. ಗೆದ್ದವನ ಅಭ್ಯಾಸಬಲದಿಂದ ನಾನು ಎದುರು ಪಕ್ಷದ ಕಡೆ ನೋಡಿದೆ. ಎದುರು ಪಕ್ಷ ಕುರ್ಚಿಯ ತೋಳು ಹಿಡಿದು ಮೆಲ್ಲಗೆ ಏಳುತ್ತಿತ್ತು.

"ಇದನ್ನೂ ಹೇರ್ರಿ," ಎಂದಳು. ಆಮೇಲೆ ನನಗೆ: "ಏನ ಬಿಟ್ಟಿ, ಏನ ಬಿಟ್ಟಿ ಅಂತ ಕೇಳ್ತಿದ್ದಿ ಅಲ್ಲೇನು? ಹಾಗಲಕಾಯಿ ಅಂತೂ ಅಲ್ಲಪಾ."

ನನ್ನ ನಿದಾನದಲ್ಲಿ ತಪ್ಪಿರಲಿಲ್ಲ, ಇಂದಿಗೂ ಅದನ್ನೇ ಹೇಳುತ್ತೇನೆ. ಪುಡಿ ಪುಡಿಯೇ, ಬಾಬಾ ಅಲ್ಲ. ಆದರೆ ಲಾರಿ ಏಕೆ ಹೊರಡುತ್ತಿಲ್ಲ ಎಂಬುದೊಂದು ಪ್ರಶ್ನೆ, ಹೊರಡಬೇಕೇ ಎಂಬುದು ಇನ್ನೊಂದು. ಎರಡನೆಯದನ್ನು ಆ ದಿನ ಅಲ್ಲಿ ಯಾರೂ ಚರ್ಚೆಗೆ ಇಟ್ಟಿರಲಿಲ್ಲ. ಅದಕ್ಕೆ ಉತ್ತರ ಕೊಟ್ಟವಳು ಫ್ಲಾಸ್ಕು ಕೊಟ್ಟವಳೊಬ್ಬಳೇ.

ಮುಂದಿನ ಚಳಿಗಾಲದಲ್ಲಿ ಅಜ್ಜಿ ಧಾರವಾಡದಲ್ಲಿ ತೀರಿಕೊಂಡಳು. ಅಲ್ಲಿ ಸ್ಮಶಾನ ನಡೆದುಹೋಗುವಷ್ಟು ಹತ್ತಿರವಿಲ್ಲ, ವಾಹನ ತರಿಸಬೇಕಾಯಿತು. ಡ್ರೈವರ್ ಚಾವಿಗೆ ಕೈಹಾಕಿದಾಗ, ಬಾಬಾನನ್ನು ನಂಬದ ನಾನು ಒಂದು ಟಕ್ ಕೇಳೀತೆಂದು ಉಸಿರು ಹಿಡಿದು ನಿಂತೆ.

ವಾಹನ ಮೊದಲ ಸಲಕ್ಕೇ ಶುರುವಾಯಿತು.