ಅತ್ತೆ ಕಲಿಸಿದ ಕಾಗದದ ಬುಟ್ಟಿ

ನನ್ನ ಬಲಗಾಲು ಮುರಿದದ್ದು ಶಾಲೆಯ ಮೈದಾನದಲ್ಲಿ. ಐವತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಆಗ ನಾನು ಮೈಸೂರಿನ ಒಂದು ಮಿಡ್ಲ್ ಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರು. ಎತ್ತರ ಜಿಗಿಯುವುದು ಹೇಗೆಂದು ಹುಡುಗರಿಗೆ ತೋರಿಸಲು ಹೋಗಿ ಹಗ್ಗವನ್ನೇನೋ ಸರಿಯಾಗಿಯೇ ದಾಟಿದೆ. ಇಳಿದದ್ದು ಮಾತ್ರ ಮರಳಿನ ಗುಂಡಿಯ ಅಂಚಿನ ಕಲ್ಲಿನ ಮೇಲೆ. ಹುಡುಗರು ಮೊದಲು ಚಪ್ಪಾಳೆ ತಟ್ಟಿದರು. ನಾನು ಏಳದೇ ಇದ್ದಾಗ ಚಪ್ಪಾಳೆ ನಿಂತಿತು.

ಆಸ್ಪತ್ರೆಯಲ್ಲಿ ತೊಡೆಯಿಂದ ಪಾದದವರೆಗೆ ಪ್ಲಾಸ್ಟರ್ ಹಾಕಿದರು. ಡಾಕ್ಟರು ಒಳ್ಳೆಯವರು, ಮಾತು ಮುಚ್ಚಿಡಲಿಲ್ಲ. “ಮೂಳೆ ಕೂಡತ್ತೆ ಮೇಷ್ಟ್ರೇ. ಆದ್ರೆ ಓಡೋದು, ಜಿಗಿಯೋದು ಇನ್ನು ಬೇಡ. ಸ್ವಲ್ಪ ಕುಂಟು ಉಳೀಬಹುದು” ಎಂದರು. ಕುಂಟುವ ಡ್ರಿಲ್ ಮೇಷ್ಟ್ರು ಯಾವ ಶಾಲೆಗೆ ಬೇಕು? ಜಟಕಾದಲ್ಲಿ ಮಲಗಿ ಕೃಷ್ಣಮೂರ್ತಿಪುರಂನ ಮನೆಗೆ ಬರುವವರೆಗೂ ಅದೇ ಯೋಚನೆ.

ನನ್ನ ಹೆಂಡತಿ ಆಗ ಚೊಚ್ಚಲ ಬಸುರಿ. ಹೆರಿಗೆಗೆ ತವರಿಗೆ ಹೋಗಬೇಕಿತ್ತು. “ಇವರನ್ನ ಹೀಗೆ ಮಲಗಿಸಿ ನಾನು ಎಲ್ಲಿಗೂ ಹೋಗಲ್ಲ” ಎಂದು ಹಟ ಹಿಡಿದಳು. ಹಾಗಾಗಿ ನಂಜನಗೂಡಿನ ಕಡೆಯ ಹಳ್ಳಿಯಿಂದ ಅವಳ ತಾಯಿಯೇ ಬಸ್ಸು ಹತ್ತಿ ಬಂದರು, ಒಂದು ಕೈಯಲ್ಲಿ ರಾಗಿ ಹಿಟ್ಟಿನ ಗಂಟು, ಇನ್ನೊಂದರಲ್ಲಿ ಬಟ್ಟೆಯ ಗಂಟು.

ನಮ್ಮ ಕಡೆ ಆಗ ಅತ್ತೆಯಾದವಳು ಅಳಿಯನ ಎದುರು ನಿಲ್ಲುತ್ತಿರಲಿಲ್ಲ, ನೇರ ಮಾತಾಡುವುದಂತೂ ದೂರವೇ ಉಳಿಯಿತು. ಮದುವೆಯಾಗಿ ಎರಡು ವರ್ಷವಾಗಿದ್ದರೂ ಅವರ ದನಿಯನ್ನು ನಾನು ಕೇಳಿದ್ದು ಬಾಗಿಲ ಮರೆಯಿಂದಷ್ಟೇ. ಆದರೆ ನಮ್ಮ ಮನೆ ಎಷ್ಟರ ಮನೆ! ನಾನು ಮಲಗಿದ್ದ ಮಂಚಕ್ಕೂ ಅಡುಗೆಮನೆಯ ಹೊಸ್ತಿಲಿಗೂ ನಡುವೆ ಒಂದು ಚಾಪೆ ಹಾಸುವಷ್ಟು ಜಾಗ. ಅಷ್ಟರಲ್ಲೇ ನಿಂತು, ಸೆರಗು ಎಳೆದುಕೊಂಡು, ಅತ್ತೆ ಮಗಳಿಗೆ ಹೇಳುವರು: “ಅವ್ರು ಈಗ್ಲೇ ಉಣ್ತಾರಾ, ಆಮ್ಯಾಕಾ, ಕೇಳವ್ವ.” ನಾನು, “ಆಮೇಲೆ ಅಂತ ಹೇಳು” ಎನ್ನುವೆ. ಇಬ್ಬರ ಮಾತೂ ಇಬ್ಬರಿಗೂ ಕೇಳಿರುತ್ತಿತ್ತು. ಆದರೂ ಅದು ಹೆಂಡತಿಯ ಬಾಯಿಂದ ಇನ್ನೊಮ್ಮೆ ಬರಲೇಬೇಕು. ಒಂದು ದಿನ ಅವಳಿಗೆ ರೇಗಿಹೋಯಿತು. “ಇಬ್ರೂ ಸೇರಿ ನನ್ನನ್ನೇನು ಟೆಲಿಫೋನ್ ಮಾಡ್ಕೊಂಡಿದ್ದೀರಾ?” ಎಂದು ಹೊಟ್ಟೆ ಹಿಡಿದುಕೊಂಡು ಕುಳಿತುಬಿಟ್ಟಳು.

ಮಲಗಿದ್ದಲ್ಲಿ ನನಗಿದ್ದ ಒಂದೇ ಕೆಲಸ ಪೇಪರು ಓದುವುದು. ಪಕ್ಕದ ಮನೆಯ ರಿಟೈರಾದ ಗುಮಾಸ್ತರು ಹಳೆಯ ಪತ್ರಿಕೆಗಳ ಕಟ್ಟನ್ನೇ ಕಳಿಸುತ್ತಿದ್ದರು. ವಧೂವರರ ಜಾಹೀರಾತೂ ಬಿಡದೆ ಓದಿ ಮುಗಿಸಿ ಸಿಡುಕುತ್ತಿದ್ದೆ. ಅನ್ನ ಬಿಸಿಯಾದರೂ ತಪ್ಪು, ಆರಿದರೂ ತಪ್ಪು. ಅತ್ತೆ ಒಂದು ದಿನ ಮಗಳನ್ನು ಕೇಳಿದರು: “ಅವ್ರು ಓದಿ ಆದ್ಮ್ಯಾಕೆ ಆ ಪೇಪರು ನಂಗೆ ಬೇಕು. ಕೊಡ್ತಾರಾ ಕೇಳು.”

ಅವರು ಆ ಪೇಪರನ್ನು ಚೂರು ಚೂರು ಹರಿದು, ಬಾನಿಯಲ್ಲಿ ನೆನೆಹಾಕಿದರು. ಕೆಲವು ದಿನ ಕೊಳೆತ ಮೇಲೆ ನೆನೆಸಿದ ಮೆಂತ್ಯದ ಜೊತೆ ಒರಳಿಗೆ ಹಾಕಿ ನುಣ್ಣಗೆ ರುಬ್ಬಿದರು. ಒಂದು ಮಡಕೆಯನ್ನು ಬೋರಲು ಹಾಕಿ, ಅದರ ಮೇಲೆ ಒದ್ದೆ ಬಟ್ಟೆ ಹೊದಿಸಿ, ಆ ಹಿಟ್ಟನ್ನು ರೊಟ್ಟಿ ತಟ್ಟಿದ ಹಾಗೆ ಮಡಕೆಯ ಸುತ್ತ ತಟ್ಟಿದರು. ಒಣಗಿದ ಮೇಲೆ ಬಿಡಿಸಿದರೆ ಬುಟ್ಟಿ! ಮೇಲೆ ಹುಣಸೆಬೀಜದ ಅಂಟು ಬಳಿದು, ಕೆಮ್ಮಣ್ಣು ಹಚ್ಚಿ, ಬೇಳೆ ತುಂಬಿ ಅಟ್ಟಕ್ಕೇರಿಸಿದರು. ಮೆಂತ್ಯದ ಕಹಿಗೆ ಹುಳ ಹತ್ತಿರ ಬರುವುದಿಲ್ಲವಂತೆ. ಮಂಚದಿಂದ ಎಲ್ಲವನ್ನೂ ನೋಡುತ್ತಿದ್ದೆ.

“ಪೇಪರು ಅರ್ದು ಕೊಡ್ತಾರಾ ಕೇಳವ್ವ. ಕೈಗೊಂದು ಕೆಲ್ಸ ಆಯ್ತದೆ” ಎಂದರು ಒಂದು ಮಧ್ಯಾಹ್ನ.

ನನಗೆ ಅವಮಾನವಾಯಿತು. ಮೈದಾನ ತುಂಬ ಹುಡುಗರನ್ನು ಒಂದು ಸೀಟಿ ಊದಿ ನಿಲ್ಲಿಸುತ್ತಿದ್ದವನು ಕೂತು ಕಾಗದ ಹರಿಯುವುದೇ? ಗೋಡೆಯ ಕಡೆ ತಿರುಗಿದೆ. ಆದರೆ ಗೋಡೆಯನ್ನು ಎಷ್ಟು ಹೊತ್ತು ನೋಡುವುದು? ಮರುದಿನ ಎಲ್ಲರೂ ಮಲಗಿರುವಾಗ ಒಂದು ಹಾಳೆ ತೆಗೆದು ಹರಿದೆ. ಆ ಸದ್ದೇ ಒಂಥರಾ ಹಿತವಾಗಿತ್ತು. ಸಂಜೆಯ ಹೊತ್ತಿಗೆ ಮಂಚದ ಪಕ್ಕ ಚೂರುಗಳ ಗುಡ್ಡೆ ಬಿದ್ದಿತ್ತು. ಅತ್ತೆ ಅದನ್ನು ಮೊರಕ್ಕೆ ಬಳಿದುಕೊಂಡು ಹೋದರು. ಅವತ್ತು ಮುದ್ದೆಯ ಮೇಲೆ ತುಪ್ಪ ಕೊಂಚ ಹೆಚ್ಚೇ ಬಿದ್ದಿತ್ತು.

ಪ್ಲಾಸ್ಟರ್ ತೆಗೆಯುವ ಹೊತ್ತಿಗೆ ಮಗಳು ಹುಟ್ಟಿದಳು. ಹೆಂಡತಿ ಬಾಣಂತಿ ಕೋಣೆ ಸೇರಿದಳು. ಈಗ ನಮ್ಮಿಬ್ಬರ ನಡುವೆ ಮಾತು ದಾಟಿಸುವವರೇ ಇಲ್ಲ. ಅತ್ತೆ ಕಂಬಕ್ಕೆ ಹೇಳತೊಡಗಿದರು: “ಕಾಪಿ ಇಟ್ಟಿವ್ನಿ, ಆರೋಯ್ತದೆ.” ನಾನು ಕಿಟಕಿಗೆ ಹೇಳುತ್ತಿದ್ದೆ: “ಸಕ್ಕರೆ ಸ್ವಲ್ಪ ಕಮ್ಮಿ ಇದ್ರೆ ಒಳ್ಳೇದು.” ಕೋಣೆಯ ಒಳಗಿನಿಂದ ಬಾಣಂತಿ ನಗುವುದು ಕೇಳಿಸುತ್ತಿತ್ತು.

ಕೋಲೂರಿಕೊಂಡು ಹಿತ್ತಲವರೆಗೆ ನಡೆಯುವಂತಾದಾಗ ನಾನೇ ಒಂದು ಬುಟ್ಟಿ ಮಾಡಿ ನೋಡಬೇಕೆನಿಸಿತು. ಕುಂಬಾರಕೊಪ್ಪಲಿನಿಂದ ತರಿಸಿದ ಹೊಸ ಮಡಕೆಯೊಂದಿತ್ತು. ಮಣೆಯ ಮೇಲೆ ಕಾಲು ಚಾಚಿ ಕುಳಿತು, ನೋಡಿದ್ದನ್ನೆಲ್ಲ ನೆನಪಿಸಿಕೊಂಡು ತಟ್ಟಿದೆ. ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು. ಮಾರನೆಯ ದಿನ ಮುಟ್ಟಿ ನೋಡಿದರೆ ಮೇಲೆ ಗಟ್ಟಿಯಾಗಿತ್ತು. ಸಂಭ್ರಮ ತಡೆಯಲಾರದೆ ಅಂಚು ಹಿಡಿದು ಎಳೆಯತೊಡಗಿದೆ. ಬಟ್ಟೆ ಒಗೆಯುತ್ತಿದ್ದ ಅತ್ತೆ ಕೈಯಲ್ಲಿದ್ದ ಬಟ್ಟೆ ಬಿಟ್ಟು ಕೂಗಿದರು:

“ಅಯ್ಯೋ, ಎಳೀಬ್ಯಾಡಿ! ಒಳಗಿನ್ನೂ ಅಸಿ ಅದೆ, ಅರ್ದೋಯ್ತದೆ!”

ನಾನು ಕೈ ಬಿಟ್ಟೆ. ತಾವು ಯಾರ ಜೊತೆ ಮಾತಾಡಿದೆವೆಂದು ಆಮೇಲೆ ಅವರಿಗೆ ಹೊಳೆಯಿತು. ಒದ್ದೆ ಕೈಯಲ್ಲೇ ಸೆರಗು ಎಳೆದುಕೊಂಡು ಒಳಗೆ ಹೊರಟರು. ಈಗ ಸುಮ್ಮನಿದ್ದರೆ ಮತ್ತೆ ಕಂಬವೇ ಗತಿ ಎಂದು ನನಗನ್ನಿಸಿತು.

“ಅತ್ತೆ, ಇನ್ನೆಷ್ಟು ದಿನ ಬಿಡಬೇಕು?” ಎಂದೆ.

ಬೆನ್ನು ಮಾಡಿಯೇ ನಿಂತರು. ಒಳಗೆ ಹೋಗಲಿಲ್ಲ. “ಇನ್ನೆರಡು ದಿನ ಇರ್ಲಿ ಬುಡಿ,” ಎಂದರು ಮೆಲ್ಲಗೆ. “ಬಿಸ್ಲಿಗೆ ಇಕ್ಬ್ಯಾಡಿ. ನೆಳ್ಳಲ್ಲೇ ಒಣಗ್ಬೇಕು, ಇಲ್ದಿದ್ರೆ ಸೀಳ್ತದೆ.”

“ಈ ಕಡೆ ತೆಳುವಾಗಿದೆಯಲ್ಲ, ಏನು ಮಾಡೋದು?”

ಅದಕ್ಕೆ ಅವರು ತಿರುಗಲೇಬೇಕಾಯಿತು. ಬಂದು ಬಗ್ಗಿ ನೋಡಿ, ಬೆರಳಿಂದ ಒತ್ತಿ, “ಇನ್ನೊಸಿ ಪೇಪರಿನ ಇಟ್ಟು ಮೆತ್ತಿ” ಎಂದರು. ಒಳಗಿನಿಂದ ಹೆಂಡತಿಯ ದನಿ ಬಂತು: “ಸದ್ಯ, ನನ್ನ ಕೆಲಸ ತಪ್ಪಿತು!”

ಅಲ್ಲಿಂದ ಮುಂದೆ ನಮ್ಮ ಹಿತ್ತಲಲ್ಲಿ ಮಾತಿಗೆ ಬರವಿರಲಿಲ್ಲ. ಅತ್ತೆ ತೆಂಗಿನ ಚಿಪ್ಪುಗಳಲ್ಲಿ ಮಣ್ಣು ತುಂಬಿ ಕರ್ಣಕುಂಡಲದ ಹೂವಿನ ಸಸಿ ನೆಟ್ಟಿದ್ದರು, ಮಳೆ ನೀರು ನಿಂತು ಎಲ್ಲವೂ ಕೊಳೆತವು. ಕಣ್ಣಿರುವ ಹೋಳನ್ನೇ ಆರಿಸಿ, ಕಾಯಿಸಿದ ಮೊಳೆಯಿಂದ ಕಣ್ಣು ಚುಚ್ಚಿದರೆ ನೀರು ಇಳಿದುಹೋಗುತ್ತದೆಂದು ನಾನು ಮಾಡಿ ತೋರಿಸಿದೆ. “ಇದು ನಂಗೆ ತೋಚ್ಲೇ ಇಲ್ಲ ನೋಡಿ” ಎಂದು ನಕ್ಕರು. ಬಟ್ಟೆ ಒಣಹಾಕುವ ಬಿದಿರಿಗೆ ತೆಂಗಿನ ಹುರಿಯಿಂದ ಆ ಚಿಪ್ಪುಗಳನ್ನು ಸಾಲಾಗಿ ನೇತುಹಾಕಿದೆವು. ಒಡೆದ ಹೆಂಚಿನ ಚೂರುಗಳನ್ನು ಓರೆಯಾಗಿ ಹೂತು ಪಾತಿಗಳಿಗೆ ಅಂಚು ಕಟ್ಟಿದೆವು. ಉಳಿದ ಕಾಗದದ ಹಿಟ್ಟಿನಲ್ಲಿ ಮಗುವಿಗೆ ಒಂದು ಗಿಲಕಿ ಮಾಡಿದೆ. ಒಳಗೆ ಹಾಕಿದ್ದು ಹುಣಸೆಬೀಜ. ಅಲ್ಲಾಡಿಸಿದರೆ ಮಗಳು ಕಣ್ಣರಳಿಸುತ್ತಿದ್ದಳು. ರಾತ್ರಿ ಮಲಗುವಾಗ ನಾಳೆ ಏನು ಮಾಡುವುದೆಂದು ಯೋಚಿಸುತ್ತಿದ್ದೆ. ಕಾಲಿನ ವಿಷಯ ಮರೆತೇಹೋಗಿರುತ್ತಿತ್ತು.

ಒಂದು ಭಾನುವಾರ ಬೆಳಿಗ್ಗೆ ಹೆಡ್‌ಮೇಷ್ಟ್ರು ಮನೆಗೆ ಬಂದರು. ಅವರ ಮುಖ ನೋಡಿದಾಗಲೇ ಇದು ಕೆಲಸದ ವಿಷಯವೆಂದು ನನಗೆ ತಿಳಿಯಿತು. ಕಾಫಿ ಕುಡಿದರು, ಮಗುವನ್ನು ಮಾತಾಡಿಸಿದರು, ಕೊನೆಗೆ ಮಾತಿಗೆ ಬಂದರು.

“ನೋಡಿ ಮೇಷ್ಟ್ರೇ, ಡ್ರಿಲ್‌ಗೆ ಬೇರೆಯವರು ಬಂದಿದ್ದಾರೆ. ನಿಮ್ಮನ್ನ ಮೈದಾನಕ್ಕೆ ಕಳಿಸೋ ಹಾಗಿಲ್ಲ, ನಿಮಗೇ ಗೊತ್ತು.”

ಗೊತ್ತಿತ್ತು. ನಾನು ಹಿತ್ತಲ ಬಾಗಿಲ ಕಡೆ ನೋಡುತ್ತ ಕುಳಿತೆ. ಅವರೂ ಅತ್ತಲೇ ನೋಡಿದರು. ನೇತಾಡುವ ಚಿಪ್ಪುಗಳಲ್ಲಿ ಕರ್ಣಕುಂಡಲ ಹೂ ಬಿಟ್ಟಿತ್ತು. ಎದ್ದು ಹೋಗಿ ಒಂದೊಂದನ್ನೇ ಮುಟ್ಟಿದರು. ನೆರಳಲ್ಲಿ ಒಣಗುತ್ತಿದ್ದ ಬುಟ್ಟಿಗಳನ್ನು ಎತ್ತಿ ನೋಡಿದರು.

“ಇದೆಲ್ಲ ಯಾರು ಮಾಡಿದ್ದು?”

“ನಮ್ಮತ್ತೆಯವರು, ನಾನು.”

“ಹುಡುಗರಿಗೆ ಬರತ್ಯೇ ಇದು?”

“ನನಗೇ ಬಂತು ಅಂದ್ಮೇಲೆ ಹುಡುಗರಿಗೆ ಬರದೇ ಇರತ್ತಾ ಸಾರ್?”

ಅವರು ಮತ್ತೆ ಬಂದು ಕುಳಿತರು. “ಕೈಕೆಲಸದ ಪೀರಿಯಡ್ಡು ನಡೆಸಿ ಅಂತ ಮೇಲಿನಿಂದ ಆರ್ಡರು ಬಂದಿದೆ. ನೂಲೋಕೆ ಅಂತ ತಕಲಿ ಕೊಟ್ವಿ. ಹುಡುಗರು ಅದರಲ್ಲಿ ಬುಗುರಿ ಆಡ್ತಿದ್ದಾರೆ. ಕಲಿಸೋರು ಯಾರೂ ಇಲ್ಲ. ನೀವು ಒಪ್ಪೋದಾದ್ರೆ ನಾನು ಮೇಲಕ್ಕೆ ಬರೀತೀನಿ.”

“ನನಗೆ ಬರೋದು ಎರಡೋ ಮೂರೋ ಕೆಲಸ ಸಾರ್.”

“ಸಾಕು. ಮುಂದಿನದು ಹುಡುಗರ ಜೊತೆ ಕಲೀರಿ.”

ಅವರು ಹೋದ ಮೇಲೆ ಅತ್ತೆ ಬಾಗಿಲ ಮರೆಯಿಂದ ಈಚೆ ಬಂದರು. ಕಣ್ಣು ಒರೆಸಿಕೊಂಡರು. “ಒಪ್ಕಬುಡಿ” ಎಂದರು.

ಉತ್ತರ ಬರಲು ಕೆಲವು ವಾರ ಹಿಡಿಯಿತು. ಆ ವಾರಗಳನ್ನು ನಾವು ಸುಮ್ಮನೆ ಕಳೆಯಲಿಲ್ಲ. ಹೆಂಡತಿ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಶಿಷ್ಯೆಯ ಹಾಗೆ ಕುಳಿತುಕೊಳ್ಳುವಳು, ನಾನು ಪಾಠ ಮಾಡುವೆ. ಬಾಯಿಗೆ ಬರುತ್ತಿದ್ದುದೆಲ್ಲ ಡ್ರಿಲ್ಲಿನ ಗತ್ತು. ಅತ್ತೆ ತಡೆಯುವರು: “ಅಂಗೆ ಗದರಬ್ಯಾಡಿ. ಇಟ್ಟು ಮೆತ್ತೋವಾಗ ಕೈ ನಡುಗಿದ್ರೆ ಬುಟ್ಟಿ ಸೊಟ್ಟ ಆಯ್ತದೆ.” ಆರ್ಡರು ಬಂದ ದಿನ ಹೆಂಡತಿ ಬೆಲ್ಲದ ಪಾಯಸ ಮಾಡಿದಳು. ಮೊದಲ ಲೋಟ ಅತ್ತೆಗೆ ಕೊಟ್ಟಳು. ಅಳಿಯನ ಎದುರೇ ಕುಳಿತು ಅವರು ಕುಡಿದರು.

ಮಗಳು ಮಗುಚಿಕೊಳ್ಳಲು ಕಲಿತ ಮೇಲೆ ಅತ್ತೆ ಊರಿಗೆ ಹೊರಟರು. ಬಸ್ ಸ್ಟ್ಯಾಂಡಿಗೆ ನಾನೇ ಕುಂಟುತ್ತ ಹೋದೆ. ಕಿಟಕಿಯ ಪಕ್ಕ ಕುಳಿತು ತಮ್ಮ ಗಂಟು ಸರಿಮಾಡಿಕೊಂಡು, “ಊರಿಗೆ ಬನ್ನಿ. ಬಿದಿರು ಬುಟ್ಟಿ ಎಣೆಯೋರು ನಮ್ಮ ಬೀದೀಲೇ ಅವ್ರೆ. ಅದ್ನೂ ಕಲೀಬೌದು” ಎಂದರು. ಬೇಸಿಗೆ ರಜೆಗೆ ಹೋದೆವು, ಕಲಿತೂ ಬಂದೆ.

ಶಾಲೆಯಲ್ಲಿ ಮೊದಲ ಸಲ ಹುಡುಗರು ಮಾಡಿದ ಬುಟ್ಟಿಗಳು ಅಷ್ಟಾವಕ್ರವಾಗಿದ್ದವು. ಜಗುಲಿಯ ನೆರಳಲ್ಲಿ ಸಾಲಾಗಿ ಒಣಗಲು ಇಟ್ಟು, ಗಂಟೆ ಹೊಡೆದಾಗ ಎಲ್ಲರೂ ಊಟಕ್ಕೆ ಹೋದೆವು. ತಿರುಗಿ ಬಂದು ನೋಡಿದರೆ ಬೀದಿಯ ಹಸುವೊಂದು ನಿಧಾನವಾಗಿ ಸಾಲಿನ ಕೊನೆಯ ಬುಟ್ಟಿಯನ್ನು ಅಗಿಯುತ್ತಿತ್ತು. ಹುಡುಗರು ನನ್ನ ಮುಖ ನೋಡಿದರು. ಬೈಗುಳ ಬರುತ್ತದೆಂದು ಕಾದಿದ್ದರೋ ಏನೋ. ನನಗೆ ನಗು ತಡೆಯಲಾಗಲಿಲ್ಲ. ನಾನು ನಕ್ಕೆನೆಂದು ಅವರೂ ನಕ್ಕರು, ಹಸು ಬೆದರಿ ಗೇಟಿನಾಚೆ ಓಡಿತು.

ಮಾರನೆಯ ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಗೇಟಿಗೆ ಅಡ್ಡಲಾಗಿ ಒಂದು ಬಿದಿರು ಗಳು ಕಟ್ಟಿತ್ತು. ಜಗುಲಿಯ ಮೇಲೆ ಹುಡುಗರೆಲ್ಲ ಮನೆಯಿಂದ ಹಳೆಯ ಪೇಪರು ತಂದು, ಯಾರೂ ಹೇಳದೆಯೇ ಹರಿಯುತ್ತ ಕುಳಿತಿದ್ದರು.